ಉಲ್ಕೆಗಳ ಲೆಕ್ಕ



ಬೇಸಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗುವ ವಾಡಿಕೆ ನಮ್ಮ ಕಡೆಯ ಊರುಗಳಲ್ಲಿ ಇನ್ನೂ ಪೂರ್ತಿಯಾಗಿ ತಪ್ಪಿಲ್ಲ. ಹಾಗೆ ಮಲಗಿದವರಿಗೆ ನಸುಕಿನಲ್ಲಿ ಎಚ್ಚರವಾದಾಗ ಒಂದು ಚುಕ್ಕಿ ಆಕಾಶದಲ್ಲಿ ಗೆರೆ ಎಳೆದು ಮಾಯವಾದುದು ಕಂಡಿರಬಹುದು. ನಮ್ಮ ಅಜ್ಜಿಯ ಶಾಸನದಂತೆ, ಚುಕ್ಕಿ ಬಿದ್ದುದನ್ನು ಕಂಡವರು ಅದನ್ನು ಯಾರಿಗೂ ಹೇಳಕೂಡದು. ಕೂಡಲೇ ಒಂದು ಹಸುರು ಗಿಡವನ್ನು ನೋಡಿ ಬಾಯಿ ಮುಚ್ಚಿಕೊಂಡಿರಬೇಕು. ರಾತ್ರಿಯಲ್ಲಿ ಹಸುರು ಗಿಡವೂ ಕಪ್ಪಾಗಿಯೇ ಕಾಣುವುದಲ್ಲವೆ ಎಂದು ಕೇಳಿದ್ದಕ್ಕೆ ನನಗೊಮ್ಮೆ ಬೆನ್ನಿಗೆ ಗುದ್ದು ಬಿದ್ದುದುಂಟು. ಈ ತಿಂಗಳು ನಾನು ಬರೆಯಹೊರಟಿರುವುದು, ಅಜ್ಜಿಯ ಆ ಶಾಸನವನ್ನು ನಾವು ಐವರು ಕೂಡಿ, ಕೂಗಿ ಕೂಗಿ ಮುರಿದ ಒಂದು ರಾತ್ರಿಯ ವೃತ್ತಾಂತವನ್ನು.

ಅದು 2024ನೆಯ ಇಸವಿಯ ಮೇ 5ರ ರಾತ್ರಿ. ಕ್ರೋಧಿ ಸಂವತ್ಸರದ ಚೈತ್ರ ಬಹುಳ ತ್ರಯೋದಶಿ. ಸ್ಥಳ, ರಾಣೆಬೆನ್ನೂರಿನಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿರುವ ಸ್ನೇಹಿತರಾದ ಗೌಡರ ಹೊಲದ ಕಣ. ಹಿಂದಿನ ವರ್ಷದ ಮಳೆ ಕೈಕೊಟ್ಟು ನಾಡಿಗೆಲ್ಲ ಬರ ಬಿದ್ದಿದ್ದಿತು. ಸುಗ್ಗಿ ಕಾಣದ ಆ ಕಣ, ಸಾರಿಸಿದ್ದು ಸಾರಿಸಿದಂತೆಯೇ ಉಳಿದಿದ್ದಿತು. ನಮ್ಮ ಭಾಗದಲ್ಲಿ ಲೋಕಸಭೆಯ ಮತದಾನ ಮೇ 7ರಂದು. ಬಹಿರಂಗ ಪ್ರಚಾರವು ಆ ಸಂಜೆ ಆರು ಗಂಟೆಗೆ ಮುಗಿದು, ವಾರಗಟ್ಟಲೆ ಕಿರಿಚಿದ ಧ್ವನಿವರ್ಧಕಗಳು ಒಮ್ಮೆಲೇ ಸುಮ್ಮನಾಗಿದ್ದವು. ಅಜ್ಜಿಯ ಶಾಸನವನ್ನು ಆ ರಾತ್ರಿ ಅವಾದರೂ ಪಾಲಿಸಿದುವೆನ್ನಬೇಕು.

ಕೂಡಿದವರೆಂದರೆ, ಹೊಲದ ಒಡೆಯರಾದ ಗೌಡರು, ಸರಕಾರಿ ದವಾಖಾನೆಯಲ್ಲಿ ಸೇವೆ ಮಾಡಿ ನಿವೃತ್ತರಾದ ಡಾಕ್ಟರರು, ಅಂಚೆಯ ಇಲಾಖೆಯಿಂದ ನಿವೃತ್ತರಾದ, ನಾವೆಲ್ಲರೂ ಪೋಸ್ಟ್‌ಮಾಸ್ತರರೆಂದೇ ಕರೆಯುವ ನನ್ನ ಬಾಲ್ಯಸ್ನೇಹಿತರು, ನಾನು, ಮತ್ತು ಗೌಡರ ಮೊಮ್ಮಗಳು, ಹನ್ನೊಂದು ವರ್ಷದ ಹುಡುಗಿ. ಹುಡುಗಿಯನ್ನು ಯಾರೂ ಕರೆದಿರಲಿಲ್ಲ; ತಾನಾಗಿ ಬಂದಳು. ನಮ್ಮ ಮನೆಯವರು ಕಟ್ಟಿಕೊಟ್ಟ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇದ್ದುವು. “ಚುಕ್ಕಿ ನೋಡಲಿಕ್ಕೆ ಹೋಗುವ ಮುದುಕರಿಗೆ ಹಸಿವು ಬಹಳ” ಎಂದು ಅವರು ಆಡಿದ ಮಾತು ಸುಳ್ಳಾಗಲಿಲ್ಲ. ಚುಕ್ಕಿಗಳು ಬೀಳತೊಡಗುವುದಕ್ಕೆ ಇನ್ನೂ ನಾಲ್ಕು ತಾಸು ಇರುವಾಗಲೇ ಗಂಟು ಬರಿದಾಯಿತು.

ಈ ಕಣದ ಮೇಲೆ ನಾವು ಆಕಾಶಕ್ಕಾಗಿ ಕೂಡಿದ್ದು ಅದೇ ಮೊದಲಲ್ಲ. 1986ನೆಯ ಮಾರ್ಚ್ ತಿಂಗಳ ನಡುವೆ, ಹ್ಯಾಲಿಯ ಧೂಮಕೇತು ಬಂದಿದ್ದಾಗ, ಗೌಡರು, ಪೋಸ್ಟ್‌ಮಾಸ್ತರರು, ನಾನು ಮೂವರೂ ಇಲ್ಲಿಯೇ ನಸುಕಿನಲ್ಲಿ ನಿಂತಿದ್ದೆವು. ಆಗ ನಮಗೆ ಇಪ್ಪತ್ತೆರಡರ ಆಚೆಈಚೆಯ ಪ್ರಾಯ. ಅಜ್ಜಿಯು ತನ್ನ ಬಾಲ್ಯದಲ್ಲಿ, 1910ರಲ್ಲಿ, ಅದೇ ಬಾಲಚುಕ್ಕಿಯನ್ನು ಕಂಡವಳು. ಅರ್ಧ ಆಕಾಶವನ್ನು ಕಸಬರಿಗೆಯಿಂದ ಗುಡಿಸಿದಂತಿತ್ತೆಂದು ಅವಳ ವರ್ಣನೆ. ಅದನ್ನು ನಂಬಿ ಹೋದ ನಮಗೆ ಏನೂ ಕಾಣಲೊಲ್ಲದು. ಗೌಡರು ಬೈದುಕೊಂಡು ಹೊರಟೇ ಬಿಟ್ಟಿದ್ದರು. ಆಗ ಪೋಸ್ಟ್‌ಮಾಸ್ತರರು ಆಗ್ನೇಯದ ಕಡೆ ಬೆರಳು ಮಾಡಿ, “ಅಗೋ, ಅಲ್ಲಿ ನೋಡ್ರಿ, ಬೂದಿ ಒರಸಿದ್ಹಾಂಗ ಐತಿ” ಎಂದರು. ಆ ಬೂದಿಯೇ ಧೂಮಕೇತು. ಅದನ್ನು ಕಾಣಬೇಕಾದರೆ ಅವರ ಬೆರಳಿನ ತುದಿಯಿಂದಲೇ ನೋಡಬೇಕಾಯಿತು. ನಮ್ಮ ಮೂವರಲ್ಲಿ ಅವರ ಕಣ್ಣೇ ಕಣ್ಣು. ಅದೇ ದಿನಗಳಲ್ಲಿ ಜೊಟ್ಟೊ ಎಂಬ ಯೂರೋಪಿನ ನೌಕೆಯು ಅದರ ಸುಮಾರು 600 ಕಿಲೋಮೀಟರು ಸಮೀಪಕ್ಕೆ ಹೋಗಿ, ಅದರ ಗರ್ಭವು ಇದ್ದಿಲಿಗಿಂತ ಕಪ್ಪಾದ, ಹದಿನೈದು ಕಿಲೋಮೀಟರು ಉದ್ದದ ಒಂದು ಗಡ್ಡೆಯೆಂದು ಚಿತ್ರ ತೆಗೆಯಿತು.

ಮೇ ತಿಂಗಳ ಈ ಉಲ್ಕೆಗಳು ಆ ಗಡ್ಡೆಯ ಧೂಳಲ್ಲದೆ ಮತ್ತೇನಲ್ಲ. ಧೂಮಕೇತುವು ಸೂರ್ಯನ ಸಮೀಪಕ್ಕೆ ಬಂದಾಗಲೆಲ್ಲ ಅದರ ಹಿಮ ಆವಿಯಾಗಿ, ಜೊತೆಗೆ ಧೂಳು ಚದರುತ್ತದೆ. ಚದರಿದ ಧೂಳು ತಾಯಿಯ ದಾರಿಯನ್ನೇ ಹಿಡಿದು ಸೂರ್ಯನನ್ನು ಸುತ್ತುತ್ತದೆ. ನಮ್ಮ ಭೂಮಿಯು ಆ ಧೂಳನ್ನು ವರ್ಷಕ್ಕೆ ಎರಡು ಸಲ ಹಾಯುತ್ತದೆ. ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಅಕ್ಟೋಬರಿನ ಮೂರನೆಯ ವಾರದಲ್ಲೊಮ್ಮೆ. ನಾವು ಕಾಣುವ ಕಣಗಳು ನೂರಾರು, ಸಾವಿರಾರು ವರ್ಷಗಳ ಹಿಂದೆ ಉದುರಿದವು. ಒಂದೊಂದೂ ಮರಳಿನ ಕಾಳಿನಷ್ಟು. ಅದು ಸೆಕೆಂಡಿಗೆ 66 ಕಿಲೋಮೀಟರು ವೇಗದಲ್ಲಿ ನಮ್ಮ ವಾಯುಮಂಡಲವನ್ನು ಹೊಕ್ಕು, ಸುಮಾರು ನೂರು ಕಿಲೋಮೀಟರು ಎತ್ತರದಲ್ಲಿ ಉರಿದುಹೋಗುತ್ತದೆ. ಆ ವೇಗದಲ್ಲಿ ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಐದು ಸೆಕೆಂಡಿನ ಪ್ರಯಾಣ. ಎಲ್ಲವೂ ಕುಂಭರಾಶಿಯಲ್ಲಿ, ಶತಭಿಷಾ ನಕ್ಷತ್ರದ ನೆರೆಯಿಂದ ಹೊರಟಂತೆ ಕಾಣುತ್ತವೆ. ಸಮಾಂತರವಾದ ರೈಲುಕಂಬಿಗಳು ದೂರದಲ್ಲಿ ಒಂದೇ ಬಿಂದುವಿನಿಂದ ಹೊರಟಂತೆ ಕಾಣುವುದಿಲ್ಲವೆ, ಹಾಗೆ. ಕುಂಭವು ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಯ ಮೇಲೆ ಮೂಡುವುದರಿಂದ, ನಿದ್ದೆಗೆಡುವವರಿಗೆ ಮಾತ್ರ ಈ ಕೌತುಕ. ಪಾಶ್ಚಾತ್ಯರ ಪ್ರಸಿದ್ಧವಾದ ಬೇಸಗೆಯ ಉಲ್ಕಾವೃಷ್ಟಿ ಆಗಸ್ಟಿನದು. ನಮಗೆ ಅದು ಶ್ರಾವಣದ ಮೋಡದ ಹಿಂದೆ ಅಡಗುತ್ತದೆ. ಮೇ ತಿಂಗಳದು ಮಾತ್ರ ಅವರಿಗಿಂತ ನಮಗೆ ಚೆನ್ನ. ಉತ್ತರದ ದೇಶಗಳಲ್ಲಿ ಆಗ ಕುಂಭವು ಮೇಲೇರುವುದರೊಳಗೆ ಬೆಳಗಾಗಿಬಿಡುತ್ತದೆ.

ನಾನು ಓದಿದ್ದು ಸಂಸ್ಕೃತವಾದುದರಿಂದ ವರಾಹಮಿಹಿರನನ್ನು ನೆನೆಯದೆ ಇರಲಾರೆನು. ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗೆಂದೇ ಒಂದು ಅಧ್ಯಾಯವುಂಟು. ಅವುಗಳನ್ನು ಆತನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ತೀರಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳೆಂಬುದು ಆತನು ಕೊಡುವ ಲಕ್ಷಣ. ಇದನ್ನು ಹೇಳಿದಾಗ ಡಾಕ್ಟರರು ನಕ್ಕರು. ಗೌಡರು ನಗಲಿಲ್ಲ, “ಹಂಗಾದ್ರ ಮಾಸ್ತರ, ಇವತ್ತು ಬೀಳೋರು ಎಲ್ಲಿ ಬೀಳ್ತಾರ?” ಎಂದು ಕೇಳಿದರು. ನಾನು ಯಯಾತಿಯ ಕಥೆಯನ್ನು ಹೇಳಿದೆನು. ತಪಸ್ಸಿನಲ್ಲಿ ತನಗೆ ಸಮಾನರಿಲ್ಲವೆಂದು ಸ್ವರ್ಗದಲ್ಲಿ ಹೊಗಳಿಕೊಂಡುದರಿಂದ ಅವನ ಪುಣ್ಯ ಕ್ಷಯಿಸಿತು. ಕೆಳಗೆ ಬೀಳುವಾಗ ಅವನು ಇಂದ್ರನಲ್ಲಿ ಬೇಡಿದುದು ಒಂದನ್ನೇ: ಬೀಳುವುದೇ ಆದರೆ ಸಜ್ಜನರ ನಡುವೆ ಬೀಳುವಂತಾಗಲಿ ಎಂದು. ಹಾಗೆಯೇ ಅವನು ಯಜ್ಞ ಮಾಡುತ್ತಿದ್ದ ತನ್ನ ಮಗಳ ಮಕ್ಕಳ ನಡುವೆ ಇಳಿದನು. ಅವರು ತಮ್ಮ ಪುಣ್ಯವನ್ನು ಕೊಡಲು ಮುಂದಾದರು. ಗೌಡರು ಮೊಮ್ಮಗಳ ಕಡೆ ತಿರುಗಿ ನೋಡಿದರು; ಅವಳಿಗೆ ಆಗಲೇ ನಿದ್ದೆ ಹತ್ತಿದ್ದಿತು.

ಇನ್ನು ಹೇಳಬೇಕಾದುದು ಪೋಸ್ಟ್‌ಮಾಸ್ತರರ ವಿಷಯ. ಅವರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರವು ಮೆಲ್ಲಗೆ ಸಾಯುವ ರೋಗವಿದು. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ. ಇವರು ಹೊಸ್ತಿಲು ಎಡವತೊಡಗಿದಾಗ ಪಾದರಕ್ಷೆಯನ್ನು ದೂರಿದರು, ಬಳಿಕ ಹೊಸ್ತಿಲನ್ನು ದೂರಿದರು. ಡಾಕ್ಟರರ ಒತ್ತಾಯದಿಂದ ಕಣ್ಣಿನ ಒತ್ತಡ ಅಳೆಯಿಸುವ ಹೊತ್ತಿಗೆ ಬಹುಪಾಲು ಹೋಗಿಬಿಟ್ಟಿದ್ದಿತು. ಹೋದುದು ಬರುವುದಿಲ್ಲ; ಉಳಿದುದನ್ನು ಕಾಯಲು ದಿನವೂ ಹನಿ ಹಾಕಿಕೊಳ್ಳಬೇಕು. ನಲವತ್ತು ದಾಟಿದ ವಾಚಕರು, ಮನೆಯಲ್ಲಿ ಹಿರಿಯರಿಗೆ ಈ ರೋಗವಿದ್ದವರಂತೂ ತಪ್ಪದೆ, ವರ್ಷಕ್ಕೊಮ್ಮೆಯಾದರೂ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಈಗ ಅವರಿಗೆ ಕಾಣುವುದು ಕೊಳವೆಯೊಳಗಿಂದ ನೋಡಿದಂತೆ. ನೇರಕ್ಕೆ ಇದ್ದುದು ಕಾಣುತ್ತದೆ, ಬದಿಯದು ಕಾಣದು. ಉಲ್ಕೆಯಾದರೋ ಕಣ್ಣಿನ ಅಂಚಿಗೆ ಸಿಕ್ಕುವ ವಸ್ತು. ನೋಡುವೆನೆಂದು ತಿರುಗುವುದರೊಳಗೆ ಅದು ಇರುವುದಿಲ್ಲ.

ಇದು ನಮಗೆಲ್ಲರಿಗೂ ಗೊತ್ತಿದ್ದಿತು. ಅವರನ್ನು ಕರೆಯುವುದೋ ಬಿಡುವುದೋ ಎಂದು ನಾನೂ ಡಾಕ್ಟರರೂ ಎರಡು ದಿನ ಗುಸುಗುಸು ಮಾತಾಡಿದುದೂ ಉಂಟು. ಅದು ಅವರ ಕಿವಿಗೆ ಬಿದ್ದಿತೇನೋ, ಅವರೇ ಎಲ್ಲರಿಗಿಂತ ಮೊದಲು ಬಂದು ಗಾಡಿಯಲ್ಲಿ ಕುಳಿತಿದ್ದರು.

ಮೂರು ಗಂಟೆಗೆ ಎದ್ದು, ಮೊಬೈಲುಗಳನ್ನು ಆರಿಸಿ ಚೀಲಕ್ಕೆ ಹಾಕಿ, ಜಮಖಾನೆಯ ಮೇಲೆ ಅಂಗಾತ ಮಲಗಿದೆವು. ಕಣ್ಣು ಕತ್ತಲೆಗೆ ಒಗ್ಗುವುದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು; ನಡುವೆ ಒಬ್ಬರು ದೀಪ ಹಚ್ಚಿದರೆ ಎಲ್ಲರ ತಪಸ್ಸೂ ಕೆಟ್ಟಿತು. ನೆತ್ತಿಯ ಹತ್ತಿರ ಶ್ರವಣ, ಉತ್ತರಕ್ಕೆ ಬೆಳ್ಳಗೆ ಅಭಿಜಿತ್, ನೈರುತ್ಯದಲ್ಲಿ ಕೆಂಪಾದ ಜ್ಯೇಷ್ಠಾ. ಮೂಡಲಲ್ಲಿ ಕುಂಭ, ಅದರಲ್ಲಿ ಪಂಚಾಂಗದವರು ಹೇಳಿದಲ್ಲಿಯೇ ಶನಿ. ಮೊದಲನೆಯ ಉಲ್ಕೆಯನ್ನು ಕಂಡವಳು ಹುಡುಗಿ. ಎದ್ದು ಕುಳಿತು ಕಿರಿಚಿಯೇ ಬಿಟ್ಟಳು. ಆಮೇಲೆ ಗೌಡರಿಗೊಂದು, ನನಗೊಂದು, ಹುಡುಗಿಗೆ ಮತ್ತೆರಡು. ಪ್ರತಿಯೊಂದಕ್ಕೂ ನಾವು “ಅಗೋ!” ಎಂದಾಗ ಪೋಸ್ಟ್‌ಮಾಸ್ತರರು ಅತ್ತ ಹೊರಳುವರು, ಅಲ್ಲಿ ಬರಿಯ ಆಕಾಶ. ಹೀಗೆ ಐದಾರು ಸಲವಾಗುವುದರೊಳಗೆ ನಮ್ಮ ಗಂಟಲು ತಾನಾಗಿ ಇಳಿಯಿತು. ಯಾರೂ ಹೇಳಿಕೊಟ್ಟುದಲ್ಲ, ಒಂದು ಉಲ್ಕೆ ಬಿದ್ದಿತು, ನಾನು ಕಂಡೆನು, ಸುಮ್ಮನಿದ್ದೆನು. ಡಾಕ್ಟರರೂ ಕಂಡಿದ್ದರೆಂದು ಅವರ ಉಸಿರಿನಿಂದ ತಿಳಿಯಿತು. ಅವರೂ ಸುಮ್ಮನಿದ್ದರು. ಹುಡುಗಿಯ ಬಾಯಿಯನ್ನು ಗೌಡರು ಮೆಲ್ಲನೆ ಅದುಮಿರಬೇಕು.

ಸ್ವಲ್ಪ ಹೊತ್ತು ಹೀಗೆ ಕಳೆದ ಮೇಲೆ ಪೋಸ್ಟ್‌ಮಾಸ್ತರರು ಕತ್ತಲೆಯಲ್ಲಿ ಎದ್ದು ಕುಳಿತರು.

“ಯಾಕ, ಚುಕ್ಕಿ ಬೀಳೋದು ನಿಂತ್ವೇನು?”

ಯಾರೂ ಉತ್ತರ ಕೊಡಲಿಲ್ಲ.

“ನನ್ನ ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ಮುದುಕರೆಲ್ಲ ಒಮ್ಮೆಲೇ ಉಸಿರು ಹಿಡದ್ರ ನನಗ ತಿಳಿಯೂದಿಲ್ಲೇನು? ಒದರ್ರಿ. ನಿಮಗ ಕಣ್ಣದಾವ, ನನಗ ಲೆಕ್ಕ ಬರತೈತಿ. ತಂಗೀ, ಮನೀಯೊಳಗ ಹುಣಸೀ ಬೀಜ ಇದ್ರ ಒಂದು ಬೊಗಸೀ ತಾ. ಒಂದು ತಂಬಿಗೀನೂ ತಾ.”

ಹುಡುಗಿ ಹೊಲದ ಮನೆಗೆ ಓಡಿದಳು. ಆ ಕ್ಷಣದಲ್ಲಿ ನನಗಾದ ನಾಚಿಕೆಯನ್ನು ಇಲ್ಲಿ ಬರೆಯದೆ ಹೋದರೆ ಈ ಲೇಖನವು ಪ್ರಾಮಾಣಿಕವಾಗದು. ದಯೆಯೆಂದು ನಾವು ತಿಳಿದುಕೊಂಡುದು ಅವರ ಪಾಲಿಗೆ ಬಾಗಿಲು ಹಾಕಿದಂತಾಗಿದ್ದಿತು.

ಅಲ್ಲಿಂದ ಮುಂದೆ ಕೆಲಸ ಕ್ರಮವಾಗಿ ನಡೆಯಿತು. ನಾಲ್ಕು ದಿಕ್ಕುಗಳನ್ನು ನಾಲ್ವರು ಹಂಚಿಕೊಂಡೆವು. ಕಂಡವರು ದಿಕ್ಕನ್ನೂ, ಬೆಳಕಿನ ಪ್ರಮಾಣವನ್ನೂ ಕೂಗಬೇಕು: “ತೆಂಕಲು, ಸಣ್ಣದು!” “ಮೂಡಲು, ದೊಡ್ಡದು!” ಕೂಗಿದೊಡನೆ ತಂಬಿಗೆಯಲ್ಲಿ ಟಣ್ ಎಂದು ಒಂದು ಬೀಜ ಬೀಳುವುದು. ಒಂದನ್ನೇ ಇಬ್ಬರು ಕೂಗಿದರೆ ಪೋಸ್ಟ್‌ಮಾಸ್ತರರು ಇಬ್ಬರನ್ನೂ ವಿಚಾರಿಸಿ ತೀರ್ಪು ಕೊಡುವರು. ಮೂವತ್ತೈದು ವರ್ಷ ಮನಿ ಆರ್ಡರುಗಳನ್ನು ಎಣಿಸಿದವರು. ಸಂಜೆಯ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿತೆಂಬ ಮಾತು ಅವರ ವಿಷಯದಲ್ಲಿ ಹುಟ್ಟಲೇ ಇಲ್ಲ. ಡಾಕ್ಟರರು ತಮ್ಮದೇ ಒಂದು ಚಿಕ್ಕ ಪುಸ್ತಕದಲ್ಲಿ ಕತ್ತಲೆಯಲ್ಲಿಯೇ ಗೆರೆ ಎಳೆಯುತ್ತ ಬಂದರು. ವಿಜ್ಞಾನಕ್ಕೆ ಹುಣಿಸೆ ಬೀಜ ಸಾಲದೆಂದು ಅವರ ಮತ.

ನಾಲ್ಕು ಗಂಟೆ ದಾಟಿದ ಮೇಲೆ ಎಳೆಯಂತಹ ಚಂದ್ರನು ಮೂಡಿದನು. ಅದರ ತುಸು ತರುವಾಯ ಕುಂಭದಿಂದ ಹೊರಟ ಒಂದು ಉಲ್ಕೆ ನೆತ್ತಿಯನ್ನು ದಾಟಿ ಪಡುವಲಿನವರೆಗೆ ಗೆರೆ ಎಳೆಯಿತು. ಈ ಜಾತಿಯ ಉಲ್ಕೆಗಳು ಅತಿವೇಗದವಾದುದರಿಂದ ದೊಡ್ಡವು ತಮ್ಮ ಹಿಂದೆ ಹೊಳೆಯುವ ಜಾಡನ್ನು ಬಿಡುತ್ತವೆ. ಅದು ಕೆಲವು ಸೆಕೆಂಡು ನಿಂತಿದ್ದಿತು. ಇದಾದರೂ ಅವರಿಗೆ ಕಾಣಲೆಂದು ಗೌಡರು ಪೋಸ್ಟ್‌ಮಾಸ್ತರರ ತಲೆಯನ್ನು ಎರಡು ಕೈಯಿಂದ ಹಿಡಿದು ಅತ್ತ ತಿರುಗಿಸಿದರು. 1986ರ ಸಾಲವನ್ನು ತೀರಿಸುವವರಂತೆ “ಅಗೋ, ನನ್ನ ಬೆರಳ ತುದೀ ನೋಡ್ರಿ” ಎಂದರು. ಅಷ್ಟರೊಳಗೆ ಜಾಡು ಅಳಿಸಿತು. “ಇರಲಿ ಬಿಡ್ರಿ” ಎಂದು ಅವರು ಬೀಜ ಹಾಕಿದರು.

ಎಡ್ಮಂಡ್ ಹ್ಯಾಲಿಯ ಮಾತನ್ನು ನಾನು ಆಗ ಹೇಳಿದೆನು. 1531, 1607, 1682ರಲ್ಲಿ ಬಂದುದು ಒಂದೇ ಧೂಮಕೇತುವೆಂದು ಲೆಕ್ಕ ಹಾಕಿ, ಅದು 1758ರಲ್ಲಿ ಮರಳುವುದೆಂದು ಆತನು ಸಾರಿದನು, 1742ರಲ್ಲಿ ತೀರಿಕೊಂಡನು, 1758ರ ಡಿಸೆಂಬರಿನಲ್ಲಿ ಅದು ಕಾಣಿಸಿಕೊಂಡಿತು. ನಮ್ಮ ಧೂಮಕೇತುವೂ 2023ರ ಡಿಸೆಂಬರಿನಲ್ಲಿ, ನೆಪ್ಚೂನಿನ ಆಚೆ, ತನ್ನ ದಾರಿಯ ಕೊನೆಯನ್ನು ಮುಟ್ಟಿ ಹಿಂದಿರುಗಿದೆ. ಸೂರ್ಯನ ಬಳಿಗೆ ಬರುವುದು 2061ರ ಜುಲೈಯಲ್ಲಿ. ಆಗ ನೋಡತಕ್ಕವಳು ಹುಡುಗಿಯೊಬ್ಬಳೇ. ತನಗಾಗ ನಲವತ್ತೆಂಟು ವರ್ಷವೆಂದು ಬೆರಳು ಮಡಿಸಿ ಅವಳು ಗಾಬರಿಯಾದಳು.

ನಾಲ್ಕೂಮುಕ್ಕಾಲಿನ ಹೊತ್ತಿಗೆ ಮೂಡಲು ಬೆಳ್ಳಗಾಯಿತು. ಡಾಕ್ಟರರು ಪುಸ್ತಕವನ್ನು ಚಂದ್ರನ ಕಡೆ ಹಿಡಿದು ಗೆರೆಗಳನ್ನು ಎಣಿಸಿದರು: ಮೂವತ್ತೊಂದು. ಪೋಸ್ಟ್‌ಮಾಸ್ತರರು ತಂಬಿಗೆಯನ್ನು ಜಮಖಾನೆಯ ಮೇಲೆ ಬೋರಲು ಹಾಕಿ, ಬೀಜಗಳನ್ನು ಐದೈದರಂತೆ ಬೆರಳಿನಿಂದ ಸರಿಸಿದರು: ಮೂವತ್ತೆರಡು. ಡಾಕ್ಟರರು ಮತ್ತೆ ಎಣಿಸಿದರು, ಹುಡುಗಿಯಿಂದಲೂ ಎಣಿಸಿದರು. ಮೂವತ್ತೊಂದೇ.

“ಒಂದು ಬೀಜ ಹೆಚ್ಚಿಗೆ ಬಿದ್ದೈತ್ರಿ” ಎಂದರು ಡಾಕ್ಟರರು.

“ಹೆಚ್ಚಿಗೆ ಬಿದ್ದಿಲ್ಲ. ಅದು ನಂದು” ಎಂದರು ಪೋಸ್ಟ್‌ಮಾಸ್ತರರು. “ನೀವೆಲ್ಲ ಆ ದೊಡ್ಡದರ ಮಾತಾಡ್ತಿದ್ರಿ. ನನ್ನ ಎದುರಿಗೇ ಬಂತು, ಸಣ್ಣದು. ಒದರಲಿಲ್ಲ.”

ಯಾಕೆ ಕೂಗಲಿಲ್ಲವೆಂದು ಯಾರೂ ಕೇಳಲಿಲ್ಲ. ಡಾಕ್ಟರರು ಸ್ವಲ್ಪ ಹೊತ್ತು ಪೆನ್ಸಿಲನ್ನು ಹಿಡಿದುಕೊಂಡು ಕುಳಿತಿದ್ದು, ಇನ್ನೊಂದು ಗೆರೆ ಎಳೆದರು. 2027ರಲ್ಲಿ ಮೇ 6ರಂದೇ ಅಮಾವಾಸ್ಯೆ ಬೀಳುತ್ತದೆ, ಚಂದ್ರನ ತೊಂದರೆಯೇ ಇಲ್ಲವೆಂದು ನಾನು ಹೇಳಿದೆನು. ಗೌಡರು ಆ ವರ್ಷಕ್ಕಾದರೂ ಕಣದಲ್ಲಿ ರಾಶಿ ಇರಲಿ ಎಂದು ಗೊಣಗುತ್ತ ಎತ್ತುಗಳಿಗೆ ಮೇವು ಹಾಕಲು ಎದ್ದರು. ಹುಡುಗಿ ಬೀಜಗಳನ್ನು ಲಂಗದಲ್ಲಿ ಗಂಟು ಕಟ್ಟಿಕೊಂಡಳು. ಅವು ಚೌಕಾಬಾರದ ಆಟಕ್ಕೆ ಬೇಕಾಗಿದ್ದುವಂತೆ.