ವಾಚ್ ಆಗುವ ರೋಬೋಟ್: 40 ವರ್ಷ ಹಳೆಯ ಆಟಿಕೆಯ ಅಸಲಿ ಕಥೆ

ಮಣಿಕಟ್ಟಿನ ಮೇಲಿರುವ ವಾಚನ್ನು ಪಟ್ಟಿಯಿಂದ ಬಿಡಿಸಿ, ನಾಲ್ಕು ಮಡಿಕೆ ಬಿಚ್ಚಿದರೆ ಕೈ, ಕಾಲು, ತಲೆ ಇರುವ ಪುಟ್ಟ ರೋಬೋಟ್ ನಿಂತಿರುತ್ತದೆ. ಇಂಥ ಆಟಿಕೆಯ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದರ ಜೊತೆ “ಜಪಾನಿನವರು 1980ರಲ್ಲೇ ಸ್ಮಾರ್ಟ್‌ವಾಚ್ ಮಾಡಿದ್ದರು” ಎಂಬಂಥ ಒಂದು ಸಾಲು ಅಂಟಿಕೊಂಡಿದ್ದರೆ ಆಶ್ಚರ್ಯವೇನಿಲ್ಲ. ಆಟಿಕೆ ನಿಜ, ಜಪಾನ್ ನಿಜ, ದಶಕವೂ ನಿಜ. ಸ್ಮಾರ್ಟ್‌ವಾಚ್ ಅನ್ನುವುದು ಮಾತ್ರ ಸುಳ್ಳು. ಹಾಗೆ ನೋಡಿದರೆ ರೋಬೋಟ್ ಅನ್ನುವುದೂ ಹೆಸರಿಗಷ್ಟೇ. ಅದರೊಳಗೆ ಮೋಟಾರ್ ಇಲ್ಲ, ಸೆನ್ಸರ್ ಇಲ್ಲ. ಅದರ ಕೈಕಾಲು ಆಡಿಸುವುದು ನಿಮ್ಮ ಬೆರಳುಗಳೇ.

ಹಾಗಾದರೆ ಅದು ಏನು? ಎಲ್ಲಿಂದ ಬಂತು?

ಜಪಾನಿನ ಟಕಾರಾ ಎಂಬ ಆಟಿಕೆ ಕಂಪನಿಯಿಂದ ಶುರು ಮಾಡೋಣ. ಅಮೆರಿಕದ ಹ್ಯಾಸ್ಬ್ರೊ ಕಂಪನಿಯ ಜಿ.ಐ. ಜೋ ಎಂಬ ಸೈನಿಕನ ಬೊಂಬೆಯನ್ನು ಆಧಾರವಾಗಿಟ್ಟುಕೊಂಡು ಟಕಾರಾ 1972ರಲ್ಲಿ ‘ಹೆನ್ಶಿನ್ ಸೈಬಾರ್ಗ್’ ಎಂಬ ಬೊಂಬೆ ಮಾಡಿತು. ಹೆನ್ಶಿನ್ ಅಂದರೆ ಜಪಾನಿ ಭಾಷೆಯಲ್ಲಿ ರೂಪ ಬದಲಿಸುವುದು. ಸುಮಾರು 30 ಸೆಂಟಿಮೀಟರ್ ಎತ್ತರದ ಆ ಬೊಂಬೆಯ ಹಿಂದೆಯೇ 1974ರಲ್ಲಿ ಬೆರಳುದ್ದದ ‘ಮೈಕ್ರೋಮನ್’ ಬಂದ. ಎತ್ತರ ಸುಮಾರು 10 ಸೆಂಟಿಮೀಟರ್. ಅದು 1973ರ ತೈಲ ಬಿಕ್ಕಟ್ಟಿನ ಮರುವರ್ಷ, ಪ್ಲಾಸ್ಟಿಕ್ ದುಬಾರಿಯಾಗಿದ್ದ ಕಾಲ. ಸಣ್ಣ ಬೊಂಬೆ ಅಂದರೆ ಖರ್ಚೂ ಕಡಿಮೆ.

ಮೈಕ್ರೋಮನ್ ಕಥೆಯಲ್ಲಿ ಒಂದು ಸೊಗಸಾದ ಯುಕ್ತಿ ಇದೆ. ಈ ಪುಟಾಣಿಗಳು ಬೊಂಬೆಯಷ್ಟೇ ಗಾತ್ರದವರು. ನಮ್ಮ ನಡುವೆ, ನಮ್ಮ ಮನೆಗಳಲ್ಲೇ ಅಡಗಿ ಓಡಾಡುವವರು. ಅಂಥವರಿಗೆ ವೇಷ ಬೇಕಾದರೆ ಕಾರು, ವಿಮಾನ ಏಕೆ ಬೇಕು? ಮೇಜಿನ ಮೇಲೆ ಬಿದ್ದಿರುವ ವಸ್ತುವೇ ಸಾಕು. 1983ರಲ್ಲಿ ಟಕಾರಾ ಇದೇ ಯೋಚನೆಯಿಂದ ‘ಮೈಕ್ರೋ ಚೇಂಜ್’ ಎಂಬ ಸಾಲನ್ನು ತಂದಿತು. ಕ್ಯಾಸೆಟ್ ಪ್ಲೇಯರ್, ಕ್ಯಾಸೆಟ್, ಕ್ಯಾಮೆರಾ, ಸೂಕ್ಷ್ಮದರ್ಶಕ, ಪಿಸ್ತೂಲು ಎಲ್ಲವೂ ಮಡಿಚಿ ಬಿಚ್ಚಿದರೆ ರೋಬೋಟ್. ಕಾರಾಗುವ ರೋಬೋಟ್ ಆಟಿಕೆಯಲ್ಲಿ ಕಾರು ಎಷ್ಟೇ ಚೆನ್ನಾಗಿದ್ದರೂ ಅದು ಕಿರಿದು ಮಾಡಿದ ಕಾರು, ನೋಡಿದರೆ ಆಟಿಕೆಯೆಂದು ಗೊತ್ತಾಗುತ್ತದೆ. ಕ್ಯಾಸೆಟ್ ಹಾಗಲ್ಲ, ಅಸಲಿಗೂ ನಕಲಿಗೂ ಒಂದೇ ಅಳತೆ. ಈ ಅಳತೆಯ ಲೆಕ್ಕಾಚಾರಕ್ಕೆ ವಾಚಿಗಿಂತ ಒಪ್ಪುವ ವಸ್ತು ಇನ್ನೊಂದಿಲ್ಲ ಅನ್ನಿಸುತ್ತದೆ. ಶಾಲೆಗೂ ಕಟ್ಟಿಕೊಂಡು ಹೋಗಬಹುದು, ಮೇಷ್ಟ್ರಿಗೆ ಅದು ವಾಚು, ಪಕ್ಕದ ಹುಡುಗನಿಗೆ ರೋಬೋಟ್!

ಟಕಾರಾ ಇಂಥ ವಾಚ್ ರೋಬೋಟ್‌ಗಳನ್ನು ಅಮೆರಿಕದಲ್ಲಿ ‘ಕ್ರೊನೊಫಾರ್ಮ್’ ಎಂಬ ಹೆಸರಿನಲ್ಲಿ 1980ರ ದಶಕದ ನಡುಭಾಗದಲ್ಲಿ ಮಾರಿತು. ಅಷ್ಟರಲ್ಲಿ ದೊಡ್ಡ ಆಟವೇ ಶುರುವಾಗಿತ್ತು. ಹ್ಯಾಸ್ಬ್ರೊ ಕಂಪನಿ ಟಕಾರಾದ ಮೈಕ್ರೋ ಚೇಂಜ್ ಮತ್ತು ‘ಡಯಾಕ್ಲೋನ್’ ಸಾಲಿನ ಆಟಿಕೆಗಳನ್ನು ಒಟ್ಟುಗೂಡಿಸಿ, ಮಾರ್ವೆಲ್ ಕಾಮಿಕ್ಸ್‌ನವರಿಂದ ಅವಕ್ಕೆ ಹೆಸರು, ಕಥೆ ಬರೆಸಿ, 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಬಿಡುಗಡೆ ಮಾಡಿತು. ಸಿನಿಮಾ ನೋಡಿದವರಿಗೆ ಮೆಗಾಟ್ರಾನ್, ಸೌಂಡ್‌ವೇವ್ ಗೊತ್ತಿರುತ್ತಾರೆ. ಇಬ್ಬರೂ ಮೊದಲು ಮೈಕ್ರೋ ಚೇಂಜ್ ಆಟಿಕೆಗಳೇ: ಒಬ್ಬ ಪಿಸ್ತೂಲು, ಇನ್ನೊಬ್ಬ ಕ್ಯಾಸೆಟ್ ಪ್ಲೇಯರ್. ಹ್ಯಾಸ್ಬ್ರೊದ ಬೊಂಬೆಯಿಂದ ಜಪಾನಿನಲ್ಲಿ ಹುಟ್ಟಿದ ಪೀಳಿಗೆ 12 ವರ್ಷದ ಬಳಿಕ ಹ್ಯಾಸ್ಬ್ರೊ ಮನೆಗೇ ವಾಪಸ್ ಬಂದಂತಾಯಿತು. ವಾಚ್ ರೋಬೋಟ್‌ಗೆ ಅಷ್ಟು ದೊಡ್ಡ ಕಥೆ ಸಿಗಲಿಲ್ಲ. ಅದು ಟೀವಿ ಪರದೆಯ ನಾಯಕನಾಗದೆ ಅಂಗಡಿಯ ಗಾಜಿನ ಕಪಾಟಿನಲ್ಲೇ ಉಳಿಯಿತು.

ಆದರೆ ಈ ಗುಂಪಿನಲ್ಲಿ ವಾಚ್ ರೋಬೋಟ್‌ಗೆ ಒಂದು ಹೆಚ್ಚುಗಾರಿಕೆ ಇದೆ. ಮೆಗಾಟ್ರಾನ್ ಪಿಸ್ತೂಲಿನಿಂದ ಗುಂಡು ಹಾರದು, ಸೌಂಡ್‌ವೇವ್ ಹೊಟ್ಟೆಯೊಳಗಿನ ಕ್ಯಾಸೆಟ್ ಹಾಡದು. ವಾಚ್ ಮಾತ್ರ ನಿಜವಾಗಿಯೂ ಸಮಯ ತೋರಿಸುತ್ತಿತ್ತು.

ಗಡಿಯಾರ ಆಟಿಕೆಯೊಳಗೆ ಹೊಕ್ಕಿದ್ದು ಹೇಗೆ?

1969ರ ಡಿಸೆಂಬರ್ 25ರಂದು ಸೀಕೊ ಕಂಪನಿ ಟೋಕಿಯೊದಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರ ‘ಆಸ್ಟ್ರಾನ್’ ಮಾರಾಟಕ್ಕಿಟ್ಟಾಗ ಬೆಲೆ 4,50,000 ಯೆನ್. ಒಂದು ಸಣ್ಣ ಕಾರಿನ ದುಡ್ಡು. 1972ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಕಂಪನಿಯ ‘ಪಲ್ಸರ್’ ಬಂತು. ಮುಳ್ಳಿನ ಬದಲು ಅಂಕಿ ತೋರಿಸುವ ಮೊದಲ ಎಲೆಕ್ಟ್ರಾನಿಕ್ ಕೈಗಡಿಯಾರ ಅದು, ಚಿನ್ನದ ಕವಚ, ಬೆಲೆ 2,100 ಡಾಲರ್. ಅದರ ಕೆಂಪು ಎಲ್‌ಇಡಿ ಅಂಕಿಗಳು ಎಷ್ಟು ಕರೆಂಟ್ ತಿನ್ನುತ್ತಿದ್ದವೆಂದರೆ ಗುಂಡಿ ಒತ್ತಿದಾಗ ಮಾತ್ರ ಸಮಯ ಕಾಣುತ್ತಿತ್ತು. ಮುಂದಿನ ವರ್ಷವೇ ಸೀಕೊ ಎಲ್‌ಸಿಡಿ ಪರದೆಯ ವಾಚು ತಂದಿತು. ಎಲ್‌ಸಿಡಿ ತಾನೇ ಬೆಳಕು ಬೀರುವುದಿಲ್ಲ, ಹೊರಗಿನ ಬೆಳಕನ್ನು ತಡೆದೋ ಬಿಟ್ಟೋ ಅಂಕಿ ಮೂಡಿಸುತ್ತದೆ. ಹಾಗಾಗಿ ಚಿಕ್ಕ ಸೆಲ್ ಒಂದೇ ತಿಂಗಳುಗಟ್ಟಲೆ ಸಾಕು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಪ್ಲಾಸ್ಟಿಕ್ ಡಿಜಿಟಲ್ ವಾಚನ್ನು 20 ಡಾಲರಿಗೆ ಇಳಿಸಿತು, ಮರುವರ್ಷ 10 ಡಾಲರಿಗೆ. ಐದೇ ವರ್ಷದಲ್ಲಿ 2,100ರಿಂದ 10!

ನಮ್ಮ ಅಪ್ಪ, ಅಜ್ಜ ಕಟ್ಟುತ್ತಿದ್ದ ಎಚ್‌ಎಂಟಿಯಂಥ ಕೀ ಕೊಡುವ ವಾಚಿನಲ್ಲಿ ಸ್ಪ್ರಿಂಗ್, ಹಲ್ಲುಚಕ್ರ, ಮುಳ್ಳು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಡಿಜಿಟಲ್ ವಾಚಿನಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು, ಆ ಕಂಪನ ಎಣಿಸುವ ಒಂದು ಚಿಪ್, ಒಂದು ಪರದೆ, ಒಂದು ಸೆಲ್. ಅಷ್ಟೇ. (32,768 ಅನ್ನುವುದು 2ನ್ನು 15 ಸಲ ಗುಣಿಸಿದರೆ ಬರುವ ಸಂಖ್ಯೆ. ಚಿಪ್ ಅದನ್ನು 15 ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ.) ಇಡೀ ಗಡಿಯಾರವೇ ಒಂದು ಚಿಕ್ಕ ಬಿಲ್ಲೆಯಷ್ಟಾಯಿತು. ಪೆನ್ನಿನೊಳಗೆ, ಉಂಗುರದೊಳಗೆ, ರೋಬೋಟ್‌ನ ಎದೆಯೊಳಗೆ, ಎಲ್ಲಿ ಬೇಕಾದರೂ ತುರುಕಬಹುದು. ಆಟಿಕೆ ತಯಾರಕರು ಮಾಡಿದ್ದು ಅದನ್ನೇ.

ಸ್ಮಾರ್ಟ್‌ವಾಚ್‌ನ ಪೂರ್ವಜರನ್ನು ಹುಡುಕುವುದಾದರೆ ಬೇರೆ ಕಡೆ ನೋಡಬೇಕು. 1984ರಲ್ಲಿ ಸೀಕೊ ತಂದ ಆರ್‌ಸಿ-1000 ವಾಚನ್ನು ಕಂಪ್ಯೂಟರಿಗೆ ಜೋಡಿಸಿ ಮಾಹಿತಿ ತುಂಬಿಕೊಳ್ಳಬಹುದಿತ್ತು. ಆ ವಂಶ ಬೇರೆ, ಈ ಬೊಂಬೆಯ ವಂಶ ಬೇರೆ.

ಈಗ ನಿಮ್ಮ ಮಗುವಿನ ಕೈಗೆ ಬಂದರೆ

ಇದೇ ಮಾದರಿಯ ಆಟಿಕೆಗಳು ಹೊಸ ಬಣ್ಣದಲ್ಲಿ ಅಂಗಡಿ, ಜಾತ್ರೆ, ಆನ್‌ಲೈನ್ ಎಲ್ಲೆಡೆ ಸಿಗುತ್ತವೆ. ತೊಂದರೆ ಇರುವುದು ರೋಬೋಟ್‌ನಲ್ಲೂ ಅಲ್ಲ, ವಾಚಿನಲ್ಲೂ ಅಲ್ಲ. ಗಡಿಯಾರವನ್ನು ಅಷ್ಟು ಚಿಕ್ಕದು ಮಾಡಿದ ಆ ಗುಂಡಿ ಸೆಲ್‌ನಲ್ಲಿ. ಮಗು ಅದನ್ನು ನುಂಗಿದರೆ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡೇ ಗಂಟೆಯಲ್ಲಿ ತೀವ್ರ ಗಾಯವಾಗಬಹುದು. “ಸೆಲ್ ಸೋರಿ ವಿಷವಾಗುತ್ತದೆ” ಎಂದು ಬಹಳ ಜನ ತಿಳಿದಿದ್ದಾರೆ. ಮುಖ್ಯ ಅಪಾಯ ಅದಲ್ಲ. ಒದ್ದೆಯಾದ ಅಂಗಾಂಶ ತಾಗಿದ ಕೂಡಲೇ ಸೆಲ್‌ನ ಎರಡು ತುದಿಗಳ ನಡುವೆ ಕರೆಂಟ್ ಹರಿದು, ಋಣ ತುದಿಯ ಕಡೆ ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ಸುಡುವುದು ಆ ಕ್ಷಾರ. ಸೋರದ, ಹೊಚ್ಚಹೊಸ ಸೆಲ್ಲೂ ಸುಡುತ್ತದೆ.

ಸೆಲ್ ಮೇಲಿನ ಸಂಖ್ಯೆ ಓದಲು ಕಲಿತರೆ ಒಳ್ಳೆಯದು. ಸಿಆರ್2032 ಎಂದರೆ ಲಿಥಿಯಂ ಸೆಲ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಅತಿ ಅಪಾಯಕಾರಿ ಇವೇ, ಏಕೆಂದರೆ ಈ ಅಗಲ ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ವೋಲ್ಟೇಜೂ ಜಾಸ್ತಿ. ಎಲ್‌ಆರ್44ನಂಥ 1.5 ವೋಲ್ಟಿನ ಚಿಕ್ಕ ಸೆಲ್‌ಗಳು ಬಹಳ ಸಲ ಹೊಟ್ಟೆಗೆ ಜಾರಿಹೋಗುತ್ತವೆ. ಆದರೆ ಮೂಗು, ಕಿವಿಯಲ್ಲಿ ಸಿಕ್ಕಿಕೊಂಡರೆ ಅವೂ ಸುಡುತ್ತವೆ.

ಮಗು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಬೇಡಿ. “ಬಾಳೆಹಣ್ಣು ತಿನ್ನಿಸಿ, ತಾನೇ ಹೊರಗೆ ಹೋಗುತ್ತದೆ” ಎಂಬ ಸಲಹೆ ನಾಣ್ಯಕ್ಕೋ ಗೋಲಿಗೋ ಹೇಳಿದ ಮಾತಿರಬಹುದು, ಸೆಲ್‌ಗೆ ಅದು ಸಲ್ಲದು. ಜೇನುತುಪ್ಪದ ವಿಷಯ ಸ್ವಲ್ಪ ಬೇರೆ. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಿಗೆ, ಸೆಲ್ ನುಂಗಿ 12 ಗಂಟೆಯೊಳಗಿದ್ದರೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಹೆಚ್ಚೆಂದರೆ ಆರು ಸಲ ಕೊಡಬಹುದು ಎಂದು ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಹೇಳುತ್ತದೆ. ಇದು ಗಾಯವನ್ನು ಕೊಂಚ ನಿಧಾನಿಸುತ್ತದೆಯೇ ಹೊರತು ಸೆಲ್ ತೆಗೆಯುವುದಿಲ್ಲ. ಜೇನು ಹುಡುಕುತ್ತಾ ಕೂರಬೇಡಿ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ದಯವಿಟ್ಟು ಈ ಪ್ಯಾರಾವನ್ನು ಅರ್ಧಕ್ಕೆ ಕತ್ತರಿಸಿ ಫಾರ್ವರ್ಡ್ ಮಾಡಬೇಡಿ.

ಕೊಳ್ಳುವಾಗ ನೋಡಬೇಕಾದ್ದು ಎರಡು. 2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರೆಂಟ್ ಅಥವಾ ಸೆಲ್‌ನಿಂದ ನಡೆಯುವ ಆಟಿಕೆಗಳಿಗೆ ಅನ್ವಯಿಸುವ ಮಾನಕ ಐಎಸ್ 15644. ಇನ್ನೊಂದು, ಸೆಲ್ ಇರುವ ಮುಚ್ಚಳಕ್ಕೆ ಸ್ಕ್ರೂ ಇದೆಯೇ? ಉಗುರಿನಿಂದ ಮೀಟಿದರೆ ತೆರೆದುಕೊಳ್ಳುವ ಮುಚ್ಚಳವಾದರೆ ಆ ಆಟಿಕೆ ಅಂಗಡಿಯಲ್ಲೇ ಇರಲಿ. ಇದೇ ಸೆಲ್ ಕಾರಿನ ಕೀಲಿಯಲ್ಲಿ, ಪುಟ್ಟ ರಿಮೋಟ್‌ನಲ್ಲಿ, ತೂಕದ ಯಂತ್ರದಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡಿನಲ್ಲೂ ಇರುತ್ತದೆ.

ವಾಚಿನ ಅಂಕಿ ಮಸುಕಾಯಿತು, ಸೆಲ್ ‘ಸತ್ತಿದೆ’ ಎಂದು ಕಿಟಕಿಯ ಮೇಲೆ ಬಿಸಾಕಿ ಇಡಬೇಡಿ. ಪರದೆ ಬೆಳಗಿಸಲಾರದ ಸೆಲ್‌ನಲ್ಲೂ ಗಂಟಲು ಸುಡುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಎರಡೂ ಮುಖಕ್ಕೆ ಟೇಪ್ ಸುತ್ತಿ, ಮಕ್ಕಳ ಕೈಗೆ ಎಟುಕದಂತೆ ಎತ್ತಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.