ಹಳೆಯ ಕೇಸು ಅಳಿಸಿತೇ, ಕೇಳಿ

ಹದಿನೆಂಟರೊಳಗೆ ಒಮ್ಮೆ ಪೊಲೀಸ್ ಕೇಸಾದರೆ ಸರ್ಕಾರಿ ಕೆಲಸದ ಆಸೆ ಬಿಡಬೇಕು ಎಂಬ ಮಾತನ್ನು ಅರಸೀಕೆರೆಯಲ್ಲೂ ಬೇಲೂರು, ಹಳೇಬೀಡಿನ ನೆಂಟರ ಬಾಯಲ್ಲೂ ಕೇಳಿದ್ದೇನೆ. ಅದು ತಪ್ಪು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ, ತಪ್ಪು ಸಾಬೀತಾದರೂ ಆ ಹುಡುಗ ಯಾವುದಕ್ಕೂ ಅನರ್ಹನಾಗುವುದಿಲ್ಲ. ಅಪೀಲಿನ ಅವಧಿ ಕಳೆದ ಮೇಲೆ ದಾಖಲೆ ನಾಶಪಡಿಸಲು ಬಾಲನ್ಯಾಯ ಮಂಡಳಿ ಆದೇಶಿಸಬೇಕು. 16 ತುಂಬಿದವರು ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದರೆ ಮಾತ್ರ ಈ ರಕ್ಷಣೆ ಇಲ್ಲ. ಬಾಲ್ಯದ ಕೇಸಿನ ಕಾರಣಕ್ಕೆ ಸಿಐಎಸ್‌ಎಫ್ ಕೆಲಸ ತಪ್ಪಿದ ಯುವಕನ ಪರವಾಗಿ 2019ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ.

ಅಕೌಂಟೆನ್ಸಿಯಲ್ಲಿ ನಾವು ತಪ್ಪು ನಮೂದನ್ನು ಅಳಿಸುವಂತಿಲ್ಲ, ಇನ್ನೊಂದು ನಮೂದಿನಿಂದ ಸರಿಪಡಿಸಬೇಕು. ಇಲ್ಲಿ ಪುಟವೇ ಹೋಗಬೇಕು. ನಮ್ಮ ವಯಸ್ಸಿನವರ ಲೆಕ್ಕಕ್ಕೆ ಇದೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಆದರೆ ನಮ್ಮ ಮನೆಗಳಲ್ಲಿ ‘ದಾಗ್’, ಅಂದರೆ ಕಲೆ, ಅಂದುಬಿಟ್ಟರೆ ಮುಗಿಯಿತು. ಯಾರೂ ಮಾತೆತ್ತುವುದಿಲ್ಲ, ಕಾಗದ ನಾಶವಾಯಿತೇ ಎಂದೂ ಕೇಳುವುದಿಲ್ಲ. ಮಾತೆತ್ತುವವರು ವಾಟ್ಸಾಪ್ ಗ್ರೂಪಿನವರು. ಅಂಥ ಹುಡುಗನ ಹೆಸರು, ಫೋಟೊ ಹರಡುವುದು 74ನೇ ಕಲಂ ಪ್ರಕಾರ ಅಪರಾಧ, 6 ತಿಂಗಳವರೆಗೆ ಜೈಲು ಉಂಟು.

ಅಂತಿಮ ಆದೇಶ ಬಂದ ದಿನವೇ, ದಾಖಲೆ ನಾಶದ ಮಾತು ಅದರಲ್ಲಿದೆಯೇ ಎಂದು ಮನೆಯವರು ವಕೀಲರನ್ನು ಕೇಳಲಿ. ಮಕ್ಕಳಿಗೆ ಉಚಿತ ವಕೀಲರು ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಿಗುತ್ತಾರೆ.