ಸೈಕಲ್ ತುಳಿದ ಮಾತ್ರಕ್ಕೆ ನಾವು ಸಾಚಾ ಅಲ್ಲ

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಸೋಮಾರಿತನ ಒಂದು ಕಾರಣ, ಕ್ಯಾನರಿ ದ್ವೀಪಗಳಲ್ಲಿ ಹನ್ನೊಂದು ದಿನ ಸೈಕಲ್ ತುಳಿಯಲು ಹೋಗಿದ್ದದ್ದು ಇನ್ನೊಂದು. ಬಂದವನೇ ಫೋಟೋ ಹಾಕಿದೆ, ಗೆಳೆಯರೆಲ್ಲ ಬೆನ್ನು ತಟ್ಟಿದರು. ಸೈಕಲ್ ಮಿತ್ರರೊಬ್ಬರು ಬರೆದರು: "ನಿಜವಾದ ಪ್ರವಾಸ ಅಂದ್ರೆ ಇದು. ಹೊಗೆಯಿಲ್ಲ, ಗಲಾಟೆಯಿಲ್ಲ. ಟೈರಿನ ಗುರುತು ಬಿಟ್ಟರೆ ಬೇರೇನೂ ಬಿಟ್ಟು ಬಂದಿಲ್ಲ ನೀವು."

ಖುಷಿಯಾಗಬೇಕಿತ್ತು, ಆಗಲಿಲ್ಲ. ಈ ಮಾತನ್ನು ನಾನೇ ಎಷ್ಟೋ ಸಲ ಹೇಳಿದ್ದೇನೆ, ಇದೇ ಬ್ಲಾಗಿನಲ್ಲಿ ಬರೆದೂ ಇದ್ದೇನೆ. ಅದು ಸುಳ್ಳು ಅಂತ ಹೇಳೋದಕ್ಕೇ ಈ ಬರಹ. ಬಸ್ಸಿನಲ್ಲಿ ಬಂದು ಸೆಲ್ಫಿ ಹೊಡೆದು ಹೋಗುವವರು 'ಟೂರಿಸ್ಟು', ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಹೋಗುವ ನಾವು 'ಯಾತ್ರಿಕರು' ಅಂತ ಒಂದು ಜಾತಿಭೇದ ಮಾಡಿಕೊಂಡಿದ್ದೇವಲ್ಲ, ಅದನ್ನು ಇನ್ನಾದರೂ ಬಿಡೋಣ.

ಮೊದಲು ಹೊಗೆಯ ಲೆಕ್ಕ. ಕ್ಯಾನರಿ ದ್ವೀಪಗಳು ಸ್ಪೇನಿನವು, ಆದರೆ ಇರೋದು ಆಫ್ರಿಕಾದ ಕರಾವಳಿಯ ಹತ್ತಿರ. ನಾನಿರುವ ಜರ್ಮನಿಯಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಸೈಕಲ್ ಹೋದದ್ದು ಅದೇ ವಿಮಾನದ ಹೊಟ್ಟೆಯಲ್ಲಿ, ರಟ್ಟಿನ ಡಬ್ಬದೊಳಗೆ. ಲಾನ್ಸರೋಟೆಯಿಂದ ಶುರು, ಆಮೇಲೆ ಫುಯೆರ್ಟೆವೆಂಟುರಾ, ಗ್ರಾನ್ ಕನಾರಿಯಾ, ಟೆನೆರಿಫೆ, ಲಾ ಪಾಲ್ಮಾ. ಐದು ದ್ವೀಪ, ನಾಲ್ಕು ಹಡಗು. ಹಡಗುಗಳು ಓಡಿದ್ದು ನನ್ನ ಕಾಲಿನ ಬಲದಿಂದಲ್ಲವಲ್ಲ!

ಇನ್ನು ನೀರು. ಲಾನ್ಸರೋಟೆ, ಫುಯೆರ್ಟೆವೆಂಟುರಾ ಎರಡರಲ್ಲೂ ಮಳೆ ಅನ್ನೋದು ಅಪರೂಪದ ಅತಿಥಿ. ನದಿಯಿಲ್ಲ, ಕೆರೆಯಿಲ್ಲ. 1960ರ ದಶಕದಿಂದ ಲಾನ್ಸರೋಟೆಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಿದ್ದಾರೆ. ಅದಕ್ಕೆ ಕರೆಂಟು ಬೇಕು, ಆ ಕರೆಂಟಿನ ಬಹುಪಾಲು ಹೊರಗಿನಿಂದ ತಂದ ಎಣ್ಣೆ ಸುಟ್ಟು ಆಗುವಂಥದ್ದು. ಬಿಸಿಲಲ್ಲಿ ತುಳಿಯುತ್ತಾ ನಾನು ದಿನಕ್ಕೆ ಐದು ಲೀಟರ್ ಕುಡಿದೆ. ಪ್ರತಿ ಬಾಟಲಿ ತುಂಬಿದಾಗಲೂ 'ಪ್ರಕೃತಿಯ ಮಡಿಲಲ್ಲಿದ್ದೇನೆ' ಅಂದುಕೊಂಡೆ. ಇದ್ದದ್ದು ಯಂತ್ರದ ಮಡಿಲಲ್ಲಿ.

ಟೈರಿನ ಗುರುತಿಗೆ ಬರೋಣ. ಲಾನ್ಸರೋಟೆಯ ತಿಮನ್‌ಫಾಯಾದಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳುತ್ತಲೇ ಇತ್ತು. ಊರುಗಳು, ಹೊಲಗಳು ಮುಚ್ಚಿಹೋದವು. ಹತ್ತಿರ ಹತ್ತಿರ ಮುನ್ನೂರು ವರ್ಷವಾಯಿತು, ಆ ಲಾವಾದ ಮೇಲೆ ಇವತ್ತಿಗೂ ಹೆಚ್ಚಾಗಿ ಹಿಡಿದಿರೋದು ಕಲ್ಲುಹೂವು. ನಮ್ಮ ಊರಿನಲ್ಲಾದರೆ ಒಂದು ಮಳೆಗಾಲ ಕಳೆದರೆ ಟೈರಿನ ಗುರುತಿನ ಮೇಲೆ ಹುಲ್ಲು ಬಂದಿರುತ್ತೆ. ಅಲ್ಲಿ ತೊಳೆಯುವ ಮಳೆಯಿಲ್ಲ, ಮುಚ್ಚುವ ಹುಲ್ಲಿಲ್ಲ. ದಾರಿ ಬಿಟ್ಟು ಇಳಿದವನ ಗುರುತು ಹಾಗೇ ಉಳಿಯುತ್ತೆ, ಅದನ್ನು ನೋಡಿ ಮುಂದಿನವನೂ ಇಳಿಯುತ್ತಾನೆ. ಅಂಥ ಜಾಗದಲ್ಲಿ ಬಿಡಲೇಬಾರದ್ದು ಅಂದ್ರೆ ಟೈರಿನ ಗುರುತೇ!

ಈಗ ನನ್ನ ತಪ್ಪನ್ನೂ ಹೇಳಿಬಿಡ್ತೇನೆ. ಲಾನ್ಸರೋಟೆಯಲ್ಲೇ ಲಾ ಹೇರಿಯಾ ಅಂತ ದ್ರಾಕ್ಷಿ ಬೆಳೆಯುವ ಜಾಗವಿದೆ. ಜ್ವಾಲಾಮುಖಿ ಉಗುಳಿದ ಕಪ್ಪು ಹರಳನ್ನು ತೋಡಿ, ಕೆಳಗಿನ ಹಳೆಯ ಮಣ್ಣು ಸಿಗುವಂತೆ ಗುಂಡಿ ಮಾಡಿ, ಅದರಲ್ಲಿ ಬಳ್ಳಿ ನೆಡುತ್ತಾರೆ. ರಾತ್ರಿಯ ಇಬ್ಬನಿಯನ್ನು ಆ ಹರಳು ಹೀರಿ ಬೇರಿಗೆ ಇಳಿಸುತ್ತೆ, ಹಗಲಿನ ಬಿಸಿಲಿಗೆ ಮಣ್ಣು ಒಣಗದಂತೆ ಕಾಯುತ್ತೆ. ಗುಂಡಿಯ ಅಂಚಿಗೆ ಅರ್ಧಚಂದ್ರಾಕಾರದಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿದ ಮೋಟುಗೋಡೆ. ನಾನು ಕಂಡದ್ದರಲ್ಲಿ ಎಷ್ಟೋ ಗುಂಡಿಗಳಿಗೆ ಒಂದೇ ಒಂದು ಬಳ್ಳಿ.

ಎರಡನೇ ರಾತ್ರಿ ನಾನು ಅಲ್ಲೇ ರಸ್ತೆ ಪಕ್ಕ ಕದ್ದು ಟೆಂಟ್ ಹಾಕಿದೆ. ಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಗೊತ್ತುಮಾಡಿದ ಜಾಗಗಳಲ್ಲೇ ಹಾಕಬೇಕು ಅನ್ನೋದು ನನಗೆ ಗೊತ್ತಿತ್ತು. ಆದರೆ 'ವೈಲ್ಡ್ ಕ್ಯಾಂಪಿಂಗ್' ಅಂತ ಬರೆದುಕೊಳ್ಳೋದರಲ್ಲಿ ಒಂದು ಗತ್ತಿದೆಯಲ್ಲ... ಗಾಳಿ ಜೋರಾಗಿತ್ತು. ಆ ಹರಳಿನಲ್ಲಿ ಗೂಟ ನಿಲ್ಲಲಿಲ್ಲ. ಪಕ್ಕದ ಗೋಡೆಯಿಂದ ಏಳೆಂಟು ಕಲ್ಲು ಎತ್ತಿ ಟೆಂಟಿನ ಹಗ್ಗದ ಮೇಲಿಟ್ಟೆ.

ಬೆಳಿಗ್ಗೆ ಎದ್ದರೆ ಒಬ್ಬರು ಅಜ್ಜ ನಿಂತಿದ್ದರು. ಬೈಯಲಿಲ್ಲ. ನಾನು ತಡಬಡಿಸಿ ಟೆಂಟ್ ಮಡಚುತ್ತಿದ್ದರೆ, ಅವರು ಒಂದೊಂದೇ ಕಲ್ಲು ಎತ್ತಿ, ತಿರುಗಿಸಿ ನೋಡಿ, ಅದರದರ ಜಾಗಕ್ಕೆ ಕೂರಿಸಿದರು. ನನಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಅವರು ಬಳ್ಳಿಯ ಕಡೆ ಕೈ ತೋರಿಸಿ ಒಂದೇ ಒಂದು ಮಾತು ಹೇಳಿದರು. ಅದು ಅರ್ಥವಾಯಿತು: ಗಾಳಿ. ನನ್ನ ಟೆಂಟಿಗೆ ಗಾಳಿ ತಾಗದಿರಲಿ ಅಂತ ಅವರ ಬಳ್ಳಿಯನ್ನು ರಾತ್ರಿಯಿಡೀ ಗಾಳಿಗೆ ಒಡ್ಡಿದ್ದೆ. ಊರಲ್ಲಿ ಯಾರಾದರೂ ನಮ್ಮ ಗದ್ದೆಯ ಹುಣಿ ಕಡಿದಿದ್ದರೆ ನಮ್ಮ ಅಪ್ಪ ಸುಮ್ಮನೆ ಬಿಡುತ್ತಿದ್ದರಾ?

'ಸ್ಥಳೀಯರಿಗೆ ನಾಲ್ಕು ಕಾಸು ಸಿಗುತ್ತೆ' ಅನ್ನೋದು ನಮ್ಮ ಇನ್ನೊಂದು ಸಮಜಾಯಿಷಿ. ಹನ್ನೊಂದು ದಿನದಲ್ಲಿ ನಾನು ಕೊಂಡದ್ದು ಸೂಪರ್ ಮಾರ್ಕೆಟ್ಟಿನ ಬ್ರೆಡ್ಡು, ಬಾಳೆಹಣ್ಣು, ಡಬ್ಬದ ಮೀನು. ಅದರ ಮೇಲೆ 'ಎಷ್ಟು ಕಡಿಮೆ ಖರ್ಚಿನಲ್ಲಿ ಮುಗಿಸಿದೆ' ಅಂತ ಜಂಬ ಬೇರೆ. ಆ ದ್ವೀಪಗಳ ಜನಸಂಖ್ಯೆ ಸುಮಾರು 22 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗಳೇ ಒಂದೂವರೆ ಕೋಟಿ ಮೀರಿದರು. ಅದೇ ವರ್ಷ ಏಪ್ರಿಲ್ 20ರಂದು 'ಕ್ಯಾನರಿಗೂ ಒಂದು ಮಿತಿಯಿದೆ' ಅಂತ ಹತ್ತಾರು ಸಾವಿರ ಜನ ಬೀದಿಗಿಳಿದರು. ಮನೆ ಬಾಡಿಗೆ ಕೈಗೆಟುಕುತ್ತಿಲ್ಲ, ನೀರು ಸಾಲುತ್ತಿಲ್ಲ ಅನ್ನೋದು ಅವರ ಗೋಳು. ಆ ಒಂದೂವರೆ ಕೋಟಿಯ ಲೆಕ್ಕದಲ್ಲಿ ನನ್ನಂಥವನಿಗೆ ಬೇರೆ ಕಾಲಂ ಇಲ್ಲ.

ಕೊನೆಯ ದ್ವೀಪ ಲಾ ಪಾಲ್ಮಾ. ಅಲ್ಲಿ 2021ರ ಸೆಪ್ಟೆಂಬರ್ 19ರಂದು ಬಾಯಿಬಿಟ್ಟ ಜ್ವಾಲಾಮುಖಿ ಡಿಸೆಂಬರ್‌ವರೆಗೂ ಉಗುಳಿತು. ಸಾವಿರಾರು ಜನ ಮನೆ ಬಿಟ್ಟು ಓಡಿದರು, ತೋದೋಕೆ ಅನ್ನುವ ಊರು ಲಾವಾದಡಿ ಹೂತುಹೋಯಿತು. ಈಗ ಆ ಲಾವಾದ ಮೇಲೆಯೇ ರಸ್ತೆಯಿದೆ. ಅಲ್ಲಿ ಸೈಕಲ್ ಒರಗಿಸಿ ಫೋಟೋ ತೆಗೆದೆ. ನೀವೆಲ್ಲ ಅತಿ ಹೆಚ್ಚು ಮೆಚ್ಚಿದ್ದು ಅದನ್ನೇ. ಯಾರದೋ ಅಡುಗೆಮನೆಯ ಮೇಲೆ ನಿಂತಿದ್ದೆನೇನೋ, ಯಾರಿಗೆ ಗೊತ್ತು.

ನಾನು ಮಲ್ಪೆ ಕಡೆಯವನು. ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಕೋಟ್ಯಂತರ ವರ್ಷದ ಹಿಂದಿನ ಲಾವಾವೇ. ಅಲ್ಲಿ ಬಾಟಲಿ ಬಿಸಾಡಿ, ಕಲ್ಲಿನ ಮೇಲೆ ಹೆಸರು ಕೆತ್ತಿ ಹೋಗುವವರನ್ನು ಬೈದು ಇಲ್ಲಿ ಎರಡು ಬರಹ ಬರೆದಿದ್ದೆ. ಆ ಅಜ್ಜನ ಊರಲ್ಲಿ ನಾನು ಮಾಡಿದ್ದು ಅದಕ್ಕಿಂತ ಎಷ್ಟು ಬೇರೆ?

"ಹಾಗಾದ್ರೆ ಹೋಗಲೇಬಾರದಾ? ಹೋಟೆಲಿನ ಈಜುಕೊಳದಲ್ಲಿ ಬಿದ್ದುಕೊಂಡಿರುವವನಿಗಿಂತ ನೀನು ವಾಸಿಯಲ್ವಾ?" ಅಂತೀರಿ. ವಾಸಿಯೇ ಇರಬಹುದು. ಆದರೆ ಕಡಿಮೆ ಹಾಳು ಮಾಡೋದು ಬೇರೆ, ಏನೂ ಹಾಳು ಮಾಡದಿರೋದು ಬೇರೆ. ಹೋಗೋಣ. ಐದರ ಬದಲು ಒಂದೇ ದ್ವೀಪಕ್ಕೆ ಹೋಗಿ ಹೆಚ್ಚು ದಿನ ಇರೋಣ. ಹೇಳಿದ ಜಾಗದಲ್ಲೇ ಮಲಗೋಣ, ಅಲ್ಲಿಯವರ ಹೋಟೆಲಿನಲ್ಲೇ ಉಣ್ಣೋಣ, ದಾರಿ ಬಿಟ್ಟು ಇಳಿಯೋದು ಬೇಡ. ಕದ್ದು ಮಲಗಿದ ಜಾಗದ ಮ್ಯಾಪು ಹಾಕಿ ಇನ್ನೂ ನೂರು ಜನರನ್ನು ಕಳಿಸೋದಂತೂ ಬೇಡವೇ ಬೇಡ. ನಾನು ಹಾಕಿದ್ದ ಮ್ಯಾಪನ್ನು ನಿನ್ನೆ ರಾತ್ರಿ ತೆಗೆದುಹಾಕಿದೆ. ಕೇಳಿದವರಿಗೆಲ್ಲ ಇದೇ ಉತ್ತರ, ಸಿಟ್ಟಾಗಬೇಡಿ.

ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ. ಆದರೆ ಇನ್ನು ಮುಂದೆ ನನ್ನ ಫೋಟೋ ನೋಡಿ 'ಟೈರಿನ ಗುರುತು ಮಾತ್ರ' ಅಂತ ಮಾತ್ರ ಬರೀಬೇಡಿ, ಪ್ಲೀಸ್ :-)